ಮಿತ ಖರ್ಚು, ಚೆಂದದ ಮನೆ

ದಸರೆ ಹತ್ತಿರ ಬಂದಿತೆಂದರೆ ನಮ್ಮ ಊರುಗಳಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಮನೆಯ ಪಾತ್ರೆ ಪಡಗಗಳೆಲ್ಲ ಅಂಗಳಕ್ಕೆ ಬರುತ್ತವೆ. ಹಾಸಿಗೆ, ಕೌದಿಗಳು ಬಿಸಿಲಿಗೆ ಬೀಳುತ್ತವೆ. ಮೂಲೆಯ ಜೇಡರ ಬಲೆ ತೆಗೆದು ಗೋಡೆಗೆ ಸುಣ್ಣ ಬಳಿಯುತ್ತಾರೆ. ಉಗಾದಿಗೂ, ರಂಜಾನಿಗೂ, ಮನೆಯಲ್ಲಿ ಮದುವೆ ಇದ್ದಾಗಲೂ ಹೀಗೆಯೇ. ಮನೆ ಹೊಸದಾದರೆ ಮನಸ್ಸೂ ಹೊಸದಾಗುತ್ತದೆ.

ಆದರೆ ಮನೆಯನ್ನು ಚೆಂದ ಮಾಡಲು ಬಹಳ ಹಣ ಬೇಕೇ? ಸಾಲ ಮಾಡಲೇಬೇಕೇ? ಬೇಕಾಗಿಲ್ಲ. ನಮ್ಮ ಸುತ್ತಮುತ್ತಲೇ ಸಿಗುವ ಕಲ್ಲು, ಸುಣ್ಣ, ಮಣ್ಣು ಇವುಗಳ ಗುಣ ತಿಳಿದಿದ್ದರೆ ಮತ್ತು ಸ್ವಲ್ಪ ಲೆಕ್ಕ ಬಂದರೆ, ಕಡಿಮೆ ಖರ್ಚಿನಲ್ಲಿಯೇ ಮನೆಯನ್ನು ಗಟ್ಟಿಯಾಗಿಯೂ ಸುಂದರವಾಗಿಯೂ ಇಟ್ಟುಕೊಳ್ಳಬಹುದು. ಅದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ಎರಡು ಮನೆಗಳು

ಒಂದು ಓಣಿಯಲ್ಲಿ ಎರಡು ಮನೆಗಳಿವೆ ಎಂದು ಊಹಿಸಿಕೊಳ್ಳಿರಿ. ಎರಡೂ ಮನೆಗಳಲ್ಲಿ ಮದುವೆ ಇದೆ. ಎರಡೂ ಮನೆಗಳ ಮಾಳಿಗೆ ಮಳೆಗಾಲದಲ್ಲಿ ಸೋರುತ್ತದೆ.

ಮೊದಲನೆಯ ಮನೆಯವರು 20,000 ರೂಪಾಯಿ ಸಾಲ ತಂದರು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಮನೆಯ ಒಳಗೂ ಹೊರಗೂ ಹೊಳೆಯುವ ಬಣ್ಣ ಹಚ್ಚಿಸಿದರು. ನೋಡಿದವರೆಲ್ಲ ಮೆಚ್ಚಿದರು. ಮದುವೆ ಮುಗಿಯಿತು, ಮಳೆಗಾಲ ಬಂದಿತು. ಮಾಳಿಗೆ ಮೊದಲಿನಂತೆಯೇ ಸೋರಿತು. ಗೋಡೆ ನೆನೆಯಿತು. ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತು. ಬಣ್ಣ ಹೋಯಿತು, ಸಾಲ ಉಳಿಯಿತು. ಆ ಸಾಲಕ್ಕೆ ತಿಂಗಳಿಗೆ 400 ರೂಪಾಯಿ ಬಡ್ಡಿ. ವರ್ಷಕ್ಕೆ 4,800 ರೂಪಾಯಿ. ಅಷ್ಟು ಕಟ್ಟಿದ ಮೇಲೂ ಅಸಲು 20,000 ಹಾಗೆಯೇ ಇತ್ತು. ಆ ಮನೆಯ ಹುಡುಗಿಯ ನೋಟುಪುಸ್ತಕಕ್ಕೆ, ಬಸ್ಸಿನ ಪಾಸಿಗೆ ಇಟ್ಟಿದ್ದ ಹಣ ಬಡ್ಡಿಗೆ ಹೋಯಿತು.

ಎರಡನೆಯ ಮನೆಯವರು ಮೊದಲು ಮಾಳಿಗೆ ಹತ್ತಿ ನೋಡಿದರು. ನೀರು ಹೊರಗೆ ಹೋಗುವ ದೋಣಿಯಲ್ಲಿ ಎಲೆ, ಮಣ್ಣು ತುಂಬಿತ್ತು. ಅದನ್ನು ತೆಗೆದರು. ಗೌಂಡಿಯವರನ್ನು ಕರೆದು ಬಿರುಕು ಮುಚ್ಚಿಸಿದರು. ಗೋಡೆ ಚೆನ್ನಾಗಿ ಒಣಗಿದ ಮೇಲೆ ಮನೆಯವರೇ ಸೇರಿ ಸುಣ್ಣ ಬಳಿದರು. ಕೈಯಲ್ಲಿದ್ದ ಹಣದಲ್ಲಿಯೇ ಕೆಲಸ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಅವರು ನೆಮ್ಮದಿಯಿಂದ ಮಲಗಿದರು.

ಎರಡು ಮನೆಗಳಿಗೂ ಆಸೆ ಒಂದೇ ಆಗಿತ್ತು. ವ್ಯತ್ಯಾಸ ಎಲ್ಲಿ ಬಂದಿತು? ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿಚಾರದಲ್ಲಿ. ಮನೆಯ ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ ಸಾಗಬೇಕು. ಮೊದಲು ಮಾಳಿಗೆ, ನಂತರ ಗೋಡೆ, ಕೊನೆಗೆ ನೆಲ. ನೆಲ ಮೊದಲು ಮಾಡಿದರೆ ಮೇಲಿನ ಕೆಲಸದ ಸುಣ್ಣ, ಮಣ್ಣು ಅದರ ಮೇಲೆ ಬೀಳುತ್ತದೆ. ಗೋಡೆ ಮೊದಲು ಮಾಡಿದರೆ ಸೋರುವ ಮಾಳಿಗೆ ಅದನ್ನು ಕೆಡಿಸುತ್ತದೆ. ಮಾಡಿದ್ದನ್ನೇ ಮತ್ತೆ ಮಾಡುವುದೇ ಎಲ್ಲಕ್ಕಿಂತ ದೊಡ್ಡ ದುಂದು.

ಗೋಡೆ ಏಕೆ ನೆನೆಯುತ್ತದೆ?

ಗೋಡೆಯ ಮೇಲೆ ಒದ್ದೆ ಕಲೆ ಕಂಡರೆ ಅದಕ್ಕೆ ಕಾರಣ ಹುಡುಕಬೇಕು. ಈ ಕೆಲಸವನ್ನು ನೀವೂ ಮಾಡಬಹುದು. ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ದಿನವೂ ನೋಡುತ್ತಿರಿ.

ಮಳೆ ಬಂದಾಗ ಮಾತ್ರ ಮೇಲಿನ ಕಲೆ ಗೆರೆ ದಾಟಿ ಬೆಳೆದರೆ, ನೀರು ಮಾಳಿಗೆಯಿಂದ ಬರುತ್ತಿದೆ ಎಂದು ತಿಳಿಯಬಹುದು. ಮಳೆ ಇಲ್ಲದಿದ್ದರೂ ಬಚ್ಚಲಿನ ಪಕ್ಕದ ಗೋಡೆ ಒದ್ದೆಯಾಗಿದ್ದರೆ, ನೀರು ಕೊಳವೆಯಿಂದಲೋ ಬಚ್ಚಲಿನಿಂದಲೋ ಸೋರುತ್ತಿರಬಹುದು. ಗೋಡೆಯ ಬುಡ ಮಾತ್ರ ಸದಾ ತೇವವಾಗಿದ್ದು, ಬಿಳಿಯ ಉಪ್ಪಿನಂತಹ ಪುಡಿ ಕಾಣಿಸಿದರೆ, ನೀರು ನೆಲದಿಂದ ಮೇಲಕ್ಕೆ ಏರುತ್ತಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆಯಲ್ಲವೇ? ಗೋಡೆಯೂ ನೆಲದ ನೀರನ್ನು ಹಾಗೆಯೇ ಎಳೆದುಕೊಳ್ಳುತ್ತದೆ. ಮನೆಯ ಸುತ್ತ ನೀರು ನಿಲ್ಲದಂತೆ ಸಣ್ಣ ಕಾಲುವೆ ತೆಗೆದರೆ ಎಷ್ಟೋ ತೇವ ಕಡಿಮೆಯಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಸಲಿಕೆ ಮತ್ತು ಅರ್ಧ ದಿನದ ದುಡಿಮೆ.

ತೇವದ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಗಾಳಿ ಉಸಿರಾಡಿದರೆ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ. ಆದುದರಿಂದ ಗೋಡೆ ಒಣಗಿಸುವುದು ಅಂದಕ್ಕಾಗಿ ಮಾತ್ರವಲ್ಲ, ಆರೋಗ್ಯಕ್ಕಾಗಿಯೂ ಹೌದು.

ಕಾಲಡಿಯ ಕಲ್ಲು

ಈಗ ನೀವು ಕುಳಿತಿರುವ ನೆಲವನ್ನು ನೋಡಿರಿ. ನಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ ನೀಲಿ ಬೂದು ಬಣ್ಣದ ಚಪ್ಪಟೆ ಕಲ್ಲುಗಳನ್ನು ಹಾಸಿರುವುದನ್ನು ನೀವು ನೋಡಿರುವಿರಿ. ಇದನ್ನು ಕೆಲವರು ಪರಸಿ ಎನ್ನುತ್ತಾರೆ. ತೆಲುಗಿನಲ್ಲಿ ನಾಪರಾಯಿ ಎನ್ನುತ್ತಾರೆ. ಇದೇ ಪ್ರಸಿದ್ಧವಾದ ತಾಂಡೂರು ಕಲ್ಲು. ಹಳದಿ ಬಣ್ಣದ ಕಲ್ಲೂ ಅಲ್ಲಿ ಸಿಗುತ್ತದೆ.

ತಾಂಡೂರು ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ. ಜಹೀರಾಬಾದ್ ಮತ್ತು ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವ ಮೊದಲು ತಾಂಡೂರು ತಾಲೂಕು ಕಲಬುರಗಿ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಬದಲಾಯಿತು, ಆದರೆ ನೆಲದೊಳಗಿನ ಕಲ್ಲಿಗೆ ಗಡಿ ಇಲ್ಲ. ತಾಂಡೂರಿನ ಕಲ್ಲಿನ ಪದರವೇ ಮುಂದೆ ಕಲಬುರಗಿ ಜಿಲ್ಲೆಯ ಕಡೆಗೂ ಹಬ್ಬಿದೆ. ಅಲ್ಲಿ ಅದಕ್ಕೆ ಶಹಾಬಾದ್ ಕಲ್ಲು ಎಂದು ಹೆಸರು. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಕಲಬುರಗಿ ಜಿಲ್ಲೆಗೆ ಹೋಗಿ ಭೀಮಾ ನದಿಯನ್ನು ಸೇರುತ್ತದೆ. ಈ ಇಡೀ ಪ್ರದೇಶದ ಕಲ್ಲನ್ನು ಭೂವಿಜ್ಞಾನಿಗಳು ಭೀಮಾ ಜಲಾನಯನದ ಸುಣ್ಣಕಲ್ಲು ಎಂದು ಕರೆಯುತ್ತಾರೆ.

ಈ ಕಲ್ಲು ಹೇಗೆ ಆಯಿತು? ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ನೀರಿನ ತಳದಲ್ಲಿ ಸುಣ್ಣದ ಅಂಶವುಳ್ಳ ನುಣ್ಣನೆಯ ಕೆಸರು ಪದರ ಪದರವಾಗಿ ಕೂಡಿತು. ಒಂದರ ಮೇಲೊಂದು ಬಿದ್ದ ಭಾರದಿಂದ ಅದು ಗಟ್ಟಿಯಾಗಿ ಕಲ್ಲಾಯಿತು. ಪುಸ್ತಕದ ಹಾಳೆಗಳಂತೆ ಪದರಗಳಿರುವುದರಿಂದ ಈ ಕಲ್ಲು ಚಪ್ಪಡಿಯಾಗಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಆದುದರಿಂದ ಇದನ್ನು ಹಾಸುಗಲ್ಲಾಗಿ ಮಾಡಲು ಹೆಚ್ಚು ಶ್ರಮ ಬೇಕಿಲ್ಲ. ಅಗ್ಗವಾಗಿರಲು ಇದು ಒಂದು ಕಾರಣ.

ಇನ್ನೊಂದು ಕಾರಣ ಹತ್ತಿರ. ಹೊಳೆಯುವ ಟೈಲ್ಸುಗಳು ಗುಜರಾತಿನ ಮೋರ್ಬಿಯಿಂದ ಬರುತ್ತವೆ. ಅಮೃತಶಿಲೆ ರಾಜಸ್ಥಾನದ ಮಕರಾನಾದಿಂದ ಬರುತ್ತದೆ. ಅಷ್ಟು ದೂರದಿಂದ ತರುವ ಲಾರಿಯ ಬಾಡಿಗೆಯನ್ನು ಕೊಡುವವರು ಯಾರು? ಕೊಳ್ಳುವವರೇ. ನಮ್ಮ ಮಗ್ಗುಲಲ್ಲಿಯೇ ಇರುವ ಕಲ್ಲಿಗೆ ಆ ಬಾಡಿಗೆ ಇಲ್ಲ. ಬೇಸಗೆಯಲ್ಲಿ ಈ ಕಲ್ಲಿನ ನೆಲ ತಂಪಾಗಿರುತ್ತದೆ ಎಂಬುದನ್ನು ಮಧ್ಯಾಹ್ನ ನೆಲದ ಮೇಲೆ ಮಲಗಿದವರಿಗೆ ಬೇರೆ ಹೇಳಬೇಕಿಲ್ಲ.

ಕಲ್ಲಿನ ಲೆಕ್ಕ

ಒಂದು ಕೋಣೆ 12 ಅಡಿ ಉದ್ದ, 10 ಅಡಿ ಅಗಲ ಇದೆ. ಅದರ ನೆಲದ ವಿಸ್ತೀರ್ಣ 120 ಚದರ ಅಡಿ. 2 ಅಡಿ ಉದ್ದ, 2 ಅಡಿ ಅಗಲದ ಒಂದು ಕಲ್ಲು 4 ಚದರ ಅಡಿ ಮುಚ್ಚುತ್ತದೆ. 120ನ್ನು 4ರಿಂದ ಭಾಗಿಸಿದರೆ 30. ಅಂದರೆ 30 ಕಲ್ಲು ಸಾಕು. ಒಡೆಯಬಹುದಾದವಕ್ಕೆಂದು ಹತ್ತಕ್ಕೆ ಒಂದರಂತೆ 3 ಕಲ್ಲು ಹೆಚ್ಚು ತಂದರೆ ಒಟ್ಟು 33.

ಈಗ ಇನ್ನೊಂದು ಕೋಣೆ ನೋಡೋಣ. ಇದು 11 ಅಡಿ ಉದ್ದ, 9 ಅಡಿ ಅಗಲ. ಉದ್ದಕ್ಕೆ ಐದೂವರೆ ಕಲ್ಲು, ಅಗಲಕ್ಕೆ ನಾಲ್ಕೂವರೆ ಕಲ್ಲು ಬೇಕು. ಅರ್ಧ ಕಲ್ಲು ಬೇಕಾದಲ್ಲೆಲ್ಲ ಇಡೀ ಕಲ್ಲು ಕತ್ತರಿಸಿ, ಉಳಿದ ಅರ್ಧವನ್ನು ಎಸೆದರೆ ಏನಾಗುತ್ತದೆ? ಉದ್ದಕ್ಕೆ 6, ಅಗಲಕ್ಕೆ 5 ಎಂದು ಒಟ್ಟು 30 ಕಲ್ಲು ಬೇಕಾಗುತ್ತದೆ. ಕೋಣೆ ಚಿಕ್ಕದು, ಆದರೂ ಕಲ್ಲು ಮೊದಲಿನಷ್ಟೇ! ಕತ್ತರಿಸಿ ಉಳಿದ ಅರ್ಧವನ್ನು ಇನ್ನೊಂದು ಅಂಚಿಗೆ ಬಳಸಿದರೆ 25 ಕಲ್ಲಿನಲ್ಲಿಯೇ ಕೆಲಸ ಮುಗಿಯುತ್ತದೆ. 5 ಕಲ್ಲು ಉಳಿಯಿತು. ಕಾಗದದ ಮೇಲೆ ಚೌಕ ಎಳೆದು ನೀವೇ ಪರೀಕ್ಷಿಸಿರಿ. ಅನುಭವವುಳ್ಳ ಗೌಂಡಿಯವರು ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡುತ್ತಾರೆ. ಅಂತಹವರಿಗೆ ಕೊಡುವ ಕೂಲಿ ಎಂದೂ ನಷ್ಟವಲ್ಲ.

ಕಲ್ಲು ಕತ್ತರಿಸುವ ಕಡೆ ಒಡಕು ತುಂಡುಗಳು ಉಳಿಯುತ್ತವೆ. ಅವು ಇಡೀ ಕಲ್ಲಿಗಿಂತ ಅಗ್ಗ. ಅಂಗಳಕ್ಕೆ, ಬಚ್ಚಲಿನ ದಾರಿಗೆ, ಗಿಡದ ಕಟ್ಟೆಗೆ ಅವು ಸಾಕು. ನೀಲಿ ಮತ್ತು ಹಳದಿ ತುಂಡುಗಳನ್ನು ಬೆರೆಸಿ ಹಾಸಿದರೆ ರಂಗೋಲಿಯಂತೆ ಕಾಣುತ್ತದೆ. ಚಪ್ಪಡಿಯನ್ನು ಗೋಡೆಯಲ್ಲಿ ಹುದುಗಿಸಿದರೆ ಪುಸ್ತಕ, ಡಬ್ಬಿ ಇಡಲು ಹಲಗೆ ಆಗುತ್ತದೆ. ಅದಕ್ಕೆ ಗೆದ್ದಲು ಹತ್ತುವುದಿಲ್ಲ.

ಈ ಕಲ್ಲಿಗೆ ಒಂದು ಶತ್ರು ಇದೆ. ಅದು ಆಮ್ಲ. ಸುಣ್ಣಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಸಣ್ಣ ಗುಳ್ಳೆಗಳು ಏಳುವುದನ್ನು ಕಾಣಬಹುದು. ಕಲ್ಲಿನ ಹೊಳಪು ಅಲ್ಲಿ ಮಾಸುತ್ತದೆ. ಆದುದರಿಂದ ನೆಲದ ಕಲೆ ತೆಗೆಯಲು ಆಸಿಡ್ ಸುರಿಯಬಾರದು. ಬರಿಯ ನೀರು, ಸ್ವಲ್ಪ ಸಾಬೂನು ಸಾಕು. ಇಲ್ಲಿಯೂ ಖರ್ಚು ಉಳಿಯಿತು.

ಕಲ್ಲಿನಿಂದ ಸುಣ್ಣ, ಸುಣ್ಣದಿಂದ ಕಲ್ಲು

ಮಕ್ಕಳೇ, ಕಾಲಡಿಯ ಕಲ್ಲಿಗೂ ಗೋಡೆಯ ಮೇಲಿನ ಸುಣ್ಣಕ್ಕೂ ನಂಟಿದೆ ಎಂದರೆ ನಂಬುವಿರಾ?

ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಹಾಕಿ ಚೆನ್ನಾಗಿ ಸುಡುತ್ತಾರೆ. ಆಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಅನಿಲ ಹೊರಗೆ ಹೋಗುತ್ತದೆ. ಉಳಿದದ್ದು ಸುಟ್ಟ ಸುಣ್ಣ. ಅದನ್ನು ನೀರಿಗೆ ಹಾಕಿದರೆ ಬುಸ್ಸೆಂದು ಕುದಿಯುತ್ತದೆ. ಬೆಂಕಿಯೇ ಇಲ್ಲದೆ ನೀರು ಬಿಸಿಯಾಗುತ್ತದೆ. ಇದಕ್ಕೆ ಸುಣ್ಣ ಅರಳುವುದು ಎನ್ನುತ್ತಾರೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ! ಅಂದರೆ ಸುಣ್ಣ ಬಳಿದ ಗೋಡೆಗೆ ನಾವು ಕಲ್ಲಿನ ತೆಳುವಾದ ಹೊದಿಕೆಯನ್ನು ಹೊದಿಸಿದಂತಾಯಿತು.

ಹಿಂದಿನವರು ಸುಣ್ಣವನ್ನು ಬಳಿಯಲು ಮಾತ್ರವಲ್ಲದೆ ಕಟ್ಟಲೂ ಬಳಸುತ್ತಿದ್ದರು. ಸುಣ್ಣ, ಮರಳುಗಳನ್ನು ಎತ್ತು ಎಳೆಯುವ ಕಲ್ಲಿನ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ನಿಮ್ಮೂರಿನ ಹಳೆಯ ಬಾವಿ, ಗುಡಿ, ಮಸೀದಿಗಳ ಬಳಿ ದುಂಡಗಿನ ಕಲ್ಲಿನ ಕಾಲುವೆ ಕಂಡರೆ ಅದು ಗಾರೆ ಅರೆದ ಗಾಣವೋ ಎಂದು ಹಿರಿಯರನ್ನು ಕೇಳಿರಿ. ಜಹೀರಾಬಾದಿಗೆ ಹತ್ತಿರದ ಬೀದರಿನಲ್ಲಿ ಮಹಮೂದ್ ಗವಾನರ ಮದರಸಾ ಇದೆ. ಅದನ್ನು ಕಟ್ಟಿದ್ದು 1472ರಲ್ಲಿ. ಸುಣ್ಣದ ಗಾರೆಯ ಆ ಕಟ್ಟಡದ ಬಹುಭಾಗ ಐದು ನೂರಕ್ಕೂ ಹೆಚ್ಚು ವರ್ಷಗಳ ನಂತರ ಇಂದಿಗೂ ನಿಂತಿದೆ.

ಸುಣ್ಣ ಬಳಿಯುವ ಕ್ರಮ

1. ಗೋಡೆಯ ಮೇಲಿನ ಸಡಿಲವಾದ ಹಳೆಯ ಸುಣ್ಣವನ್ನು ಕೆರೆದು ತೆಗೆಯಬೇಕು. ಬಿರುಕುಗಳನ್ನು ಮುಚ್ಚಬೇಕು.

2. ಅರಳಿದ ಸುಣ್ಣವನ್ನು ಒಂದು ದಿನವಾದರೂ ನೀರಿನಲ್ಲಿ ನೆನೆಯಿಟ್ಟು, ಹಳೆಯ ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಗೋಡೆಯ ಮೇಲೆ ಹರಳು ಹರಳಾಗಿ ಕೂರುತ್ತದೆ.

3. ಸೋಸಿದ ಸುಣ್ಣಕ್ಕೆ ಅಂಟು ಅಥವಾ ಅನ್ನದ ಗಂಜಿ ಸೇರಿಸಬೇಕು. ಆಗ ಸುಣ್ಣ ಕೈಗೆ, ಬಟ್ಟೆಗೆ ಅಷ್ಟಾಗಿ ಹತ್ತುವುದಿಲ್ಲ. ಚಿಟಿಕೆ ನೀಲಿ ಬೆರೆಸಿದರೆ ಬಿಳುಪು ಎದ್ದು ಕಾಣುತ್ತದೆ.

4. ಗೋಡೆಗೆ ನೀರು ಚಿಮುಕಿಸಿ ತೇವ ಮಾಡಬೇಕು. ಒಣ ಗೋಡೆ ಸುಣ್ಣದ ನೀರನ್ನು ಒಮ್ಮೆಲೇ ಹೀರಿಬಿಡುತ್ತದೆ. ಆಗ ಸುಣ್ಣ ಪುಡಿಯಾಗಿ ಉದುರುತ್ತದೆ.

5. ತೆಳುವಾಗಿ ಬಳಿಯಬೇಕು. ಮೊದಲ ಸಲ ಮೇಲಿನಿಂದ ಕೆಳಕ್ಕೆ, ಅದು ಒಣಗಿದ ಮೇಲೆ ಎರಡನೆಯ ಸಲ ಅಡ್ಡಕ್ಕೆ. ಹಸಿಯಾಗಿದ್ದಾಗ ಸುಣ್ಣ ನೀರಿನಂತೆ ಕಾಣುತ್ತದೆ. ಏನೂ ಆಗಲಿಲ್ಲವೆಂದು ದಪ್ಪಗೆ ಬಳಿಯಬಾರದು. ಒಣಗಿದಂತೆ ಬಿಳುಪು ತಾನೇ ಮೂಡುತ್ತದೆ.

ಎಣ್ಣೆ ಬಣ್ಣ ಹಚ್ಚಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಅಲ್ಲಿ ಸುಣ್ಣ ಬಳಿದರೆ ಶ್ರಮ ಹಾಳು.

ಎಚ್ಚರಿಕೆ! ಸುಣ್ಣವನ್ನು ಅರಳಿಸುವ ಕೆಲಸ ದೊಡ್ಡವರದು. ಮಕ್ಕಳು ದೂರ ನಿಲ್ಲಬೇಕು. ಸುಟ್ಟ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಸುರಿದರೆ ಸಿಡಿಯುತ್ತದೆ. ಬಳಿಯುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣನ್ನು ಉಜ್ಜದೆ, ತಡಮಾಡದೆ, ಶುದ್ಧವಾದ ನೀರಿನಿಂದ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆಯಬೇಕು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಣ್ಣಿನ ಗೋಡೆಯೂ ಬಣ್ಣವೂ

ನಮ್ಮ ಭಾಗದಲ್ಲಿ ಕೆಂಪು ಮಣ್ಣೂ ಇದೆ, ಕರಿ ಮಣ್ಣೂ ಇದೆ. ಕರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದನ್ನು ನೀವು ನೋಡಿರುವಿರಿ. ಆದುದರಿಂದ ಬರಿಯ ಕರಿ ಮಣ್ಣನ್ನು ಗೋಡೆಗೆ ಮೆತ್ತಿದರೆ ಅದು ನಿಲ್ಲುವುದಿಲ್ಲ. ಮಣ್ಣಿಗೆ ಮರಳು, ಹೊಟ್ಟು ಸೇರಿಸಿ, ನೆನೆಯಿಟ್ಟು, ತುಳಿದು ಹದ ಮಾಡಬೇಕು. ಮರಳು ಬಿರುಕನ್ನು ತಡೆಯುತ್ತದೆ. ಹೊಟ್ಟು ಮಣ್ಣನ್ನು ನಾರಿನಂತೆ ಹಿಡಿದಿಡುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಗಟ್ಟಿಯಾಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಆದರೆ ಮಣ್ಣಿನ ಗೋಡೆ ಉಸಿರಾಡುವ ಗೋಡೆ. ಅದರೊಳಗಿನ ತೇವ ಹೊರಗೆ ಬಂದು ಆರಬೇಕು. ಸಿಮೆಂಟು ಆ ತೇವವನ್ನು ಒಳಗೇ ತಡೆಯುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವು ದಪ್ಪ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ಒಳ್ಳೆಯದು. ಅದೇ ಅಗ್ಗವೂ ಹೌದು.

ಬಣ್ಣಕ್ಕೂ ಅಂಗಡಿಗೇ ಹೋಗಬೇಕೆಂದಿಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಸ್ವಲ್ಪ ಅಂಟು ಬೆರೆಸಿದರೆ ಚೆಂದದ ಕೆಂಪು ಬಣ್ಣ ಸಿದ್ಧ. ಗೋಡೆಯ ಬುಡಕ್ಕೆ ಕೆಂಪು ಪಟ್ಟಿ ಎಳೆದು ಅದರ ಮೇಲೆ ಬಿಳಿಯ ಸುಣ್ಣದಿಂದ ಬಳ್ಳಿ, ಹೂವು, ನವಿಲು ಬರೆಯುವ ಅಜ್ಜಿಯರು, ಅಮ್ಮಂದಿರು ಊರೂರಿನಲ್ಲಿ ಇದ್ದಾರೆ. ಕೆಂಪು ಪಟ್ಟಿ ಅಂದಕ್ಕಾಗಿ ಮಾತ್ರ ಇದೆಯೇ? ಮಳೆಯ ಹನಿ ಸಿಡಿದು ಗೋಡೆಯ ಬುಡಕ್ಕೆ ಬೀಳುವ ಕೆಸರಿನ ಕಲೆ ಅದರಲ್ಲಿ ಎದ್ದು ಕಾಣುವುದಿಲ್ಲ. ನೋಡಿದಿರಾ, ಚೆಂದದ ಹಿಂದೆ ಎಂತಹ ಜಾಣತನವಿದೆ!

ಗಾಂಧೀಜಿಯವರು 1936ರಿಂದ ಮಹಾರಾಷ್ಟ್ರದ ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ವಾಸಿಸಿದರು. ಅವರ ಕುಟೀರವನ್ನು ಅಲ್ಲಿಯೇ ಸಿಗುವ ಮಣ್ಣು, ಮರ, ಬಿದಿರುಗಳಿಂದ ಕಟ್ಟಿದ್ದರು. ಗೋಡೆಯ ಮೇಲೆ ಅವರ ಶಿಷ್ಯೆ ಮೀರಾಬೆನ್ ಅವರು ಮಣ್ಣಿನಿಂದಲೇ ತಾಳೆಮರಗಳನ್ನು ಮೂಡಿಸಿದರು. ದೇಶದ ದೊಡ್ಡ ದೊಡ್ಡ ನಾಯಕರು ಆ ಮಣ್ಣಿನ ಮನೆಗೆ ಬಂದು ನೆಲದ ಮೇಲೆ ಕುಳಿತು ಮಾತನಾಡಿದರು. ಮನೆಯ ಗೌರವ ಅದಕ್ಕೆ ತಗಲಿದ ಖರ್ಚಿನಿಂದ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ತಂಪಿನ ಮಾಳಿಗೆ

ಬಿಸಿಲಿನಲ್ಲಿ ಕಪ್ಪು ಅಂಗಿ ಹಾಕಿಕೊಂಡರೆ ಸೆಕೆ ಹೆಚ್ಚು, ಬಿಳಿ ಅಂಗಿ ಹಾಕಿಕೊಂಡರೆ ಕಡಿಮೆ. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಾಳಿಗೆಗೂ ಇದೇ ಮಾತು. ಬೇಸಗೆ ಬರುವ ಮೊದಲು ಸಿಮೆಂಟಿನ ಮಾಳಿಗೆಗೆ ಬಿಳಿಯ ಸುಣ್ಣ ಬಳಿದರೆ ಒಳಗಿನ ಸೆಕೆ ಕಡಿಮೆಯಾಗುತ್ತದೆ. ಫ್ಯಾನು, ಕೂಲರಿನ ವಿದ್ಯುತ್ತೂ ಉಳಿಯುತ್ತದೆ. ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ತಂದಿತು.

ತಿಳಿ ಬಣ್ಣದ ಗೋಡೆ ಬೆಳಕನ್ನೂ ಹೆಚ್ಚಿಸುತ್ತದೆ. ಹಳೆಯ 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ವಿದ್ಯುತ್ ಬೇಕು. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ ಕೂಡ ಬೇಕಾಗುವುದಿಲ್ಲ.

ಹಳೆಯದಕ್ಕೆ ಹೊಸ ಬಾಳು

ಲಾರಿ ಬೇಕರ್ ಎಂಬ ಕಟ್ಟಡ ಶಿಲ್ಪಿಯ ಹೆಸರನ್ನು ನೀವು ತಿಳಿದಿರಬೇಕು. ಅವರು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದರು. ಭಾರತಕ್ಕೆ ಬಂದು ಗಾಂಧೀಜಿಯವರ ವಿಚಾರಗಳಿಗೆ ಮಾರುಹೋದರು. ಇಲ್ಲಿಯೇ ನೆಲೆಸಿ, ಕೇರಳದ ತಿರುವನಂತಪುರದಲ್ಲಿ ಅನೇಕ ಅಗ್ಗದ, ಅಂದದ ಕಟ್ಟಡಗಳನ್ನು ಕಟ್ಟಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2007ರಲ್ಲಿ ಅವರು ತೀರಿಕೊಂಡರು.

ಬೇಕರ್ ಅವರು ಕೆಡವಿದ ಮನೆಗಳ ಹಳೆಯ ಬಾಗಿಲು, ಕಿಟಕಿಗಳನ್ನು ತಂದು ಹೊಸ ಮನೆಗೆ ಕೂಡಿಸುತ್ತಿದ್ದರು. ಹಳೆಯ ಹೆಂಚುಗಳನ್ನು ಕಾಂಕ್ರೀಟಿನ ನಡುವೆ ಇಟ್ಟು ಸಿಮೆಂಟು ಉಳಿಸುತ್ತಿದ್ದರು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸುತ್ತಿದ್ದರು. ಇದಕ್ಕೆ ಇಲಿಬೋನಿನ ಕಟ್ಟು ಎನ್ನುತ್ತಾರೆ. ಇದರಿಂದ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ನಡುವಿನ ಗಾಳಿಯಿಂದ ಮನೆ ತಂಪಾಗಿಯೂ ಇರುತ್ತದೆ.

ನಮ್ಮ ಮನೆಯಲ್ಲಿಯೂ ಹಳೆಯ ವಸ್ತುಗಳಿಗೆ ಕೊರತೆಯಿಲ್ಲ. ತೇಗದ ಹಳೆಯ ಬಾಗಿಲು ಮಾಸಿದೆಯೆಂದು ಮಾರಿಬಿಡುವ ಮೊದಲು ಬಡಿಗರಿಗೆ ತೋರಿಸಿರಿ. ಉಜ್ಜಿ ಎಣ್ಣೆ ಹಚ್ಚಿದರೆ ಅದು ಹೊಸ ತಗಡಿನ ಬಾಗಿಲಿಗಿಂತ ಹೆಚ್ಚು ಕಾಲ ಬಾಳಬಹುದು. ಅಮ್ಮನ ಹಳೆಯ ಇಳಕಲ್ ಸೀರೆ ಕಿಟಕಿಯ ಪರದೆಯಾಗುತ್ತದೆ. ಉಳಿದ ಬಟ್ಟೆಯ ತುಂಡುಗಳು ಕೌದಿಯಾಗುತ್ತವೆ. ಎಣ್ಣೆಯ ಡಬ್ಬಿ ತುಳಸಿಯ ಕುಂಡವಾಗುತ್ತದೆ.

ಎಲ್ಲಿ ಉಳಿಸಬಾರದು?

ಮಿತವ್ಯಯ ಬೇರೆ, ಜಿಪುಣತನ ಬೇರೆ. ಕೆಲವು ಕಡೆ ಹಣ ಉಳಿಸಲು ಹೋದರೆ ಪ್ರಾಣಕ್ಕೇ ಅಪಾಯ.

ವಿದ್ಯುತ್ತಿನ ತಂತಿ, ಸ್ವಿಚ್ಚುಗಳನ್ನು ಅಗ್ಗವೆಂದು ಕಳಪೆಯವನ್ನು ತರಬಾರದು. ತಿಳಿದವರಿಂದಲೇ ಕೂಡಿಸಬೇಕು. ತೊಲೆ, ಕಂಬಗಳಲ್ಲಿ ಬಿರುಕು ಕಂಡರೆ ಬಣ್ಣದಿಂದ ಮುಚ್ಚಬಾರದು. ಎತ್ತರದ ಕೆಲಸಕ್ಕೆ ಅಲುಗಾಡುವ ಏಣಿ ಬಳಸಬಾರದು. ಕೆಲಸಗಾರರ ಕೂಲಿಯಲ್ಲಿ ಕಡಿತ ಮಾಡಬಾರದು. ಅವರ ಮನೆಗೂ ದಸರೆ ಬರುತ್ತದೆ.

ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಎಂಬ ವಿಷದ ಲೋಹ ಇರಬಹುದು. ಅದು ಮಕ್ಕಳ ಮೆದುಳಿಗೆ ಕೆಡುಕು ಮಾಡುತ್ತದೆ. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಆದುದರಿಂದ ಹಳೆಯ ಬಣ್ಣ ಕೆರೆಯುವಾಗ ಒದ್ದೆ ಮಾಡಿ ಕೆರೆಯಬೇಕು. ಮಕ್ಕಳು ಆ ಕೋಣೆಯಲ್ಲಿ ಇರಬಾರದು. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲಿನ ಬರಹ ಓದಬೇಕು. ಮನೆಯಲ್ಲಿ ಓದುಬರಹ ಬಲ್ಲವರು ನೀವೇ ಆಗಿದ್ದರೆ, ಓದಿ ಹೇಳುವ ಹೊಣೆಯೂ ನಿಮ್ಮದೇ.

ನೀವೇನು ಮಾಡಬಹುದು?

ಮನೆಯ ಕೆಲಸ ನಡೆಯುವಾಗ ಒಂದು ನೋಟುಪುಸ್ತಕ ತೆಗೆದುಕೊಳ್ಳಿರಿ. ಬೇಕಾದ ಕೆಲಸಗಳನ್ನು ಅಪ್ಪ, ಅಮ್ಮ, ಅಜ್ಜ, ಅಜ್ಜಿಯರನ್ನು ಕೇಳಿ ಬರೆಯಿರಿ. ಯಾವುದು ತಡೆಯಲಾರದ್ದು, ಯಾವುದು ಮುಂದಿನ ವರ್ಷಕ್ಕೆ ಬಿಡಬಹುದಾದದ್ದು ಎಂದು ಎರಡು ಭಾಗ ಮಾಡಿರಿ. ಕೋಣೆಯನ್ನು ಅಳತೆ ಪಟ್ಟಿಯಿಂದ ಅಳೆಯಿರಿ. ಎರಡು ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ ಬರೆಯಿರಿ. ದಿನದ ಖರ್ಚನ್ನು ಅಂದೇ ಬರೆಯಿರಿ. ಲೆಕ್ಕ ಬರೆದ ಮನೆಯಲ್ಲಿ ಹಣ ಎಲ್ಲಿ ಹೋಯಿತೆಂದು ಹುಡುಕುವ ಕೆಲಸವಿರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಿಮಗೆ ಗೊತ್ತಿದೆ. ಮನೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಸೋರದ ಮಾಳಿಗೆ, ಒಣಗಿದ ಗೋಡೆ, ಗುಡಿಸಿದ ನೆಲ, ಬಾಗಿಲಿನ ಮುಂದೊಂದು ರಂಗೋಲಿ, ಸಾಲವಿಲ್ಲದ ನೆಮ್ಮದಿ ಇವಿಷ್ಟಿದ್ದರೆ ಅದೇ ಚೆಂದದ ಮನೆ.

ಪದಗಳ ಅರ್ಥ

ಮಿತವ್ಯಯ = ಅಗತ್ಯವಿದ್ದಷ್ಟೇ ಖರ್ಚು ಮಾಡುವುದು
ದುಂದು = ಅನಗತ್ಯ ಖರ್ಚು
ಗೌಂಡಿ = ಗೋಡೆ ಕಟ್ಟುವ, ಕಲ್ಲು ಹಾಸುವ ಕೆಲಸಗಾರ
ಗಿಲಾವು = ಗೋಡೆಗೆ ಮೆತ್ತುವ ಲೇಪ
ಗಾರೆ = ಸುಣ್ಣ, ಮರಳು ಸೇರಿಸಿ ಅರೆದ ಮಿಶ್ರಣ
ಅಸಲು = ಸಾಲವಾಗಿ ಪಡೆದ ಮೂಲ ಹಣ

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ಮನೆಯ ಕೆಲಸವನ್ನು ಮೇಲಿನಿಂದ ಕೆಳಕ್ಕೆ ಏಕೆ ಮಾಡಬೇಕು?
2. ತಾಂಡೂರು ಕಲ್ಲು ಚಪ್ಪಡಿಯಾಗಿ ಸುಲಭವಾಗಿ ಬಿಡಿಸಿಕೊಳ್ಳಲು ಕಾರಣವೇನು?
3. ಗೋಡೆಗೆ ಬಳಿದ ಸುಣ್ಣ ಮತ್ತೆ ಕಲ್ಲಾಗುವುದು ಹೇಗೆ?
4. ಹಣ ಉಳಿಸಬಾರದ ಮೂರು ಸಂದರ್ಭಗಳನ್ನು ಹೇಳಿರಿ.

ಆ. ಲೆಕ್ಕ ಮಾಡಿರಿ.
ಒಂದು ಕೋಣೆ 14 ಅಡಿ ಉದ್ದ, 8 ಅಡಿ ಅಗಲ ಇದೆ. 2 ಅಡಿ ಚೌಕದ ಎಷ್ಟು ಕಲ್ಲುಗಳು ಬೇಕು?

ಇ. ಮಾಡಿ ನೋಡಿರಿ.
ನಿಮ್ಮ ಊರಿನ ಹಳೆಯ ಮನೆಯೊಂದನ್ನು ನೋಡಿ ಬನ್ನಿರಿ. ಅದರ ಗೋಡೆ, ಮಾಳಿಗೆ, ನೆಲಗಳಿಗೆ ಏನೇನು ಬಳಸಿದ್ದಾರೆ, ಅವನ್ನು ಎಲ್ಲಿಂದ ತಂದರು ಎಂದು ಹಿರಿಯರನ್ನು ಕೇಳಿ ಹತ್ತು ವಾಕ್ಯ ಬರೆಯಿರಿ.